ಥಾರ್‌ನಲ್ಲಿ ಆರು ದಿನ: ಸಫಾರಿ ಪ್ಯಾಕೇಜ್ ಬಿಡಿ, ನೆಲ ಓದಬಲ್ಲ ಗೈಡ್ ಹುಡುಕಿ

ಮೊದಲೇ ಹೇಳಿಬಿಡುತ್ತೇನೆ. ಜೈಸಲ್ಮೇರ್‌ಗೆ ಹೋಗುವವರು ಹೋಟೆಲ್ ಕೌಂಟರ್‌ನಲ್ಲಿ ಮಾರುವ ಡೆಸರ್ಟ್ ಸಫಾರಿ ಪ್ಯಾಕೇಜಿಗೆ ದುಡ್ಡು ಹಾಕಬೇಡಿ. ಅದಕ್ಕೆ ಇನ್ನೊಂದಷ್ಟು ಸೇರಿಸಿ, ವಿಜ್ಞಾನಿಗಳ ಜೊತೆ ಸರ್ವೆಗೆ ಓಡಾಡಿ ಪಳಗಿದ ಒಬ್ಬ ಊರಿನ ಗೈಡ್ ಹುಡುಕಿ. ನಾವು ಎರಡನ್ನೂ ಮಾಡಿದೆವು. ಮೊದಲನೆಯದರಲ್ಲಿ ಒಂದು ಸಂಜೆ ಹಾಳಾಯಿತು. ಎರಡನೆಯದರಲ್ಲಿ ಆರು ದಿನ ಹೇಗೆ ಕಳೆಯಿತು ಅಂತಲೇ ಗೊತ್ತಾಗಲಿಲ್ಲ. ಈ ರಿವ್ಯೂ ಎರಡನೆಯದಕ್ಕೆ.

ಗೈಡ್ ಹೆಸರು, ನಂಬರ್ ಇಲ್ಲಿ ಹಾಕುತ್ತಿಲ್ಲ. ಅವರೇ ಬೇಡ ಅಂದರು. ತಿಂಗಳಿಗೆ ಎರಡು ಮೂರು ಗುಂಪಿಗಿಂತ ಜಾಸ್ತಿ ಅವರು ಒಪ್ಪಿಕೊಳ್ಳುವುದಿಲ್ಲ. ಇಂಥವರು ಆ ಕಡೆ ಇನ್ನೂ ಇದ್ದಾರೆ, ಅವರನ್ನು ಗುರುತು ಹಿಡಿಯುವುದು ಹೇಗೆ ಅನ್ನೋದು ಓದುತ್ತಾ ಹೋದರೆ ನಿಮಗೇ ಗೊತ್ತಾಗುತ್ತೆ.

ಹೋದವರು ನಾನು ಮತ್ತು ಅಕ್ಕನ ಮಗಳು. ಮನೆಯಲ್ಲಿ ಎಲ್ಲರೂ ಅವಳನ್ನು ಪುಟ್ಟಿ ಅಂತಲೇ ಕರೆಯೋದು, ವೆಟರ್ನರಿ ಕೊನೆಯ ವರ್ಷ ಓದುತ್ತಿದ್ದಾಳೆ. ಅವಳಿಗೆ ರಣಹದ್ದು, ಒಂಟೆ, ಪ್ರಾಣಿಗಳ ಕಾಯಿಲೆ ನೋಡಬೇಕಿತ್ತು. ನನಗೆ ಕಲ್ಲಾದ ಮರ ನೋಡಬೇಕಿತ್ತು. ಎರಡೂ ಒಂದೇ ಮರುಭೂಮಿಯಲ್ಲಿ ಸಿಗುತ್ತೆ ಅಂದಮೇಲೆ ಇನ್ನೇನು ಬೇಕು.

ಆ ಹಾಳಾದ ಸಂಜೆಯದ್ದು ಬೇಗ ಮುಗಿಸುತ್ತೇನೆ. ಸಮ್ ದಿಬ್ಬಗಳ ಕಡೆ ಜೀಪ್ ಹೊರಟಿತು. ದಾರಿಯಲ್ಲಿ ಒಂದು ಚಿಂಕಾರ ಜಿಂಕೆ ಕಂಡಿತು. ಡ್ರೈವರ್ ರಸ್ತೆ ಬಿಟ್ಟು ಹುಲ್ಲಿನೊಳಗೆ ಜೀಪ್ ಇಳಿಸಿ ಅದರ ಹಿಂದೆ ಓಡಿಸಿದ. ಪುಟ್ಟಿ ಸೀಟಿನ ಹಿಂದೆ ಗುದ್ದಿ ನಿಲ್ಲಿಸು ಅಂತ ಕೂಗಿದಳು. ಅವನಿಗೆ ನಾವು ಖುಷಿಯಿಂದ ಕೂಗುತ್ತಿದ್ದೇವೆ ಅನಿಸಿರಬೇಕು, ಇನ್ನೂ ಜೋರು ಮಾಡಿದ. ಆಮೇಲೆ, ಇನ್ನೊಂದು ಸಾವಿರ ಕೊಡಿ, ಗೋಡಾವಣ ಹಕ್ಕಿ ಪಕ್ಕಾ ತೋರಿಸ್ತೀನಿ, ಬೇಲಿ ಹತ್ತಿರ ಹೆಡ್‌ಲೈಟ್ ಹಾಕಿದರೆ ಏಳುತ್ತೆ ಅಂದ. ನಾವು ಅಲ್ಲೇ ವಾಪಸ್ ಹೊರಡು ಅಂದೆವು. ದುಡ್ಡು ವಾಪಸ್ ಬರಲಿಲ್ಲ.

ಮಾರನೇ ದಿನ ಬೆಳಿಗ್ಗೆ ಚಹಾ ಅಂಗಡಿಯಲ್ಲಿ ಒಬ್ಬ ಹಿರಿಯರ ಹತ್ತಿರ ಈ ಗೋಳು ಹೇಳಿಕೊಂಡಾಗ ಅವರು ಫೋನ್ ತೆಗೆದು ತಮ್ಮ ಊರಿನವರೊಬ್ಬರಿಗೆ ಕರೆ ಮಾಡಿದರು. ಹಾಗೆ ಸಿಕ್ಕವರು ನಮ್ಮ ಭಾಯ್‌ಸಾ. ಐವತ್ತರ ಮೇಲಿನ ವಯಸ್ಸು, ಹಳೇ ಬೊಲೆರೊ, ಕುತ್ತಿಗೆಯಲ್ಲಿ ಬೈನಾಕ್ಯುಲರ್, ಡ್ಯಾಶ್‌ಬೋರ್ಡ್ ಮೇಲೆ ರಬ್ಬರ್ ಬ್ಯಾಂಡ್ ಹಾಕಿದ ಒಂದು ನೋಟ್‌ಬುಕ್. ಮಾತಿಗೊಮ್ಮೆ ನಮ್ಮನ್ನು ಹುಕುಮ್ ಅನ್ನುತ್ತಿದ್ದರು. ದಿನಕ್ಕೆ 5,500 ರೂಪಾಯಿ, ಗಾಡಿ ಡೀಸೆಲ್ ಎಲ್ಲ ಸೇರಿ. ಮೊದಲು ಅವರೇ ನಮ್ಮನ್ನು ಪ್ರಶ್ನೆ ಕೇಳಿದರು: ಏನು ನೋಡಬೇಕು, ಯಾಕೆ ನೋಡಬೇಕು, ಕಾಣದೇ ಹೋದರೆ ಬೇಜಾರಾಗ್ತೀರಾ? ಕೊನೆಯ ಪ್ರಶ್ನೆ ಕೇಳಿದಾಗಲೇ ನನಗೆ ಈ ಮನುಷ್ಯ ಸರಿ ಅನಿಸಿತು.

ಮೊದಲ ದಿನ ಆಕಲ್, ಕಲ್ಲಾದ ಮರಗಳಿರುವ ಜಾಗ. ಜೈಸಲ್ಮೇರ್‌ನಿಂದ ಬಾರ್ಮೇರ್ ರಸ್ತೆಯಲ್ಲಿ 17 ಕಿಲೋಮೀಟರ್. ಸುಮಾರು 21 ಹೆಕ್ಟೇರ್ ಬರಡು ಜಾಗ, ಅಲ್ಲಲ್ಲಿ ತಗಡಿನ ಚಾವಣಿ, ಅದರ ಕೆಳಗೆ ಕಬ್ಬಿಣದ ಜಾಲರಿ, ಜಾಲರಿಯೊಳಗೆ ಮಲಗಿರುವ ಮರದ ಬೊಡ್ಡೆಗಳು. ಸುಮ್ನೆ ಹೋದವರು ಬೋರ್ಡ್ ಓದಿ, ಫೋಟೋ ತೆಗೆದು, ಹತ್ತು ನಿಮಿಷದಲ್ಲಿ ವಾಪಸ್ ಬರಬಹುದು. ನಾವು ಎರಡೂವರೆ ಗಂಟೆ ಅಲ್ಲಿದ್ದೆವು.

ಭಾಯ್‌ಸಾ ಬೆಳಿಗ್ಗೆ ಬೇಗ ಕರೆದುಕೊಂಡು ಹೋಗಿದ್ದರು, ಬಿಸಿಲು ಇನ್ನೂ ಓರೆಯಾಗಿ ಬೀಳುತ್ತಿತ್ತು. ಒಂದು ಬೊಡ್ಡೆಯ ಹತ್ತಿರ ಕುಕ್ಕರಗಾಲಲ್ಲಿ ಕೂತು, ಮೊಬೈಲ್ ಟಾರ್ಚ್ ಹಾಕಿ, ಬೆಳಕನ್ನು ನೇರ ಬಿಡದೆ ಪಕ್ಕದಿಂದ ಹಾಯಿಸಿದರು. ಅಲ್ಲಿಯವರೆಗೆ ಕಂದು ಬಣ್ಣದ ಉದ್ದನೆಯ ಕಲ್ಲು ಅಷ್ಟೇ ಆಗಿದ್ದದ್ದು ಒಂದೇ ಕ್ಷಣದಲ್ಲಿ ಮರ ಆಯಿತು. ತೊಗಟೆಯ ಗೆರೆಗಳು ಎದ್ದವು. ಕೊಂಬೆ ಮುರಿದ ಕಡೆ ಗಂಟು ಕಂಡಿತು. ಅಡ್ಡ ಸೀಳಿದ ಕಡೆ ಒಂದರ ಸುತ್ತ ಒಂದು ಉಂಗುರ. ಒಂದು ಬಿರುಕಿನೊಳಗೆ ಇರುವೆಗಳು ಸಾಲಾಗಿ ಹೋಗುತ್ತಿದ್ದವು, ಮನೆ ಹಿತ್ತಲಿನಲ್ಲಿ ಬಿದ್ದ ಮರದ ಮೇಲೆ ಹೋಗುವ ಹಾಗೇ. ಆ ಮರ ಬಿದ್ದು 18 ಕೋಟಿ ವರ್ಷ ಆಗಿದೆ.

ಅವರು ವಿವರಿಸಿದ ರೀತಿ ನನಗೆ ತುಂಬಾ ಇಷ್ಟವಾಯಿತು. ಮರ ಕಲ್ಲಾಗುವುದು ಅಂದರೆ ಮರ ಗಟ್ಟಿಯಾಗುವುದು ಅಲ್ಲ ಹುಕುಮ್, ಮರ ಹೋಗಿ ಅದೇ ಜಾಗಕ್ಕೆ ಕಲ್ಲು ಬರುವುದು ಅಂದರು. ಬಿದ್ದ ಮರದ ಮೇಲೆ ಮರಳು, ಕೆಸರು ಬೇಗ ಮುಚ್ಚಿಕೊಂಡಿತು. ಗಾಳಿ ಸಿಗಲಿಲ್ಲ, ಹಾಗಾಗಿ ಕೊಳೆಯುವುದು ನಿಧಾನ ಆಯಿತು. ನೆಲದ ನೀರಲ್ಲಿ ಕರಗಿದ್ದ ಖನಿಜ ಒಳಗೆ ಇಳಿಯುತ್ತಾ, ಒಂದೊಂದೇ ಕಣದ ಜಾಗದಲ್ಲಿ ಕೂತಿತು. ಆಗ ಇಲ್ಲಿ ಮರುಭೂಮಿ ಇರಲಿಲ್ಲ. ಬಿಸಿ, ತೇವ, ದೊಡ್ಡ ಮರಗಳ ಕಾಡು. ಇಲ್ಲಿ ಇಂಥ ಬೊಡ್ಡೆ ಸುಮಾರು 25 ಇವೆ, ದೊಡ್ಡದು 13 ಮೀಟರ್‌ಗಿಂತ ಉದ್ದ. ಅದರ ಪಕ್ಕ ಹೆಜ್ಜೆ ಹಾಕಿ ಅಳೆದೆ, ಹದಿನೆಂಟು ಹೆಜ್ಜೆ.

ನೆಲದ ಮೇಲೆ ಬಿದ್ದಿದ್ದ ಹೆಬ್ಬೆರಳಿನಷ್ಟು ಚೂರೊಂದನ್ನು ನಾನು ಎತ್ತಿಕೊಂಡೆ. ಭಾಯ್‌ಸಾ ಏನೂ ಅನ್ನಲಿಲ್ಲ, ಅಂಗೈ ಮುಂದೆ ಚಾಚಿದರು. ಕೊಟ್ಟೆ. ಅವರು ಅದನ್ನು ಎತ್ತಿದ್ದ ಜಾಗದಲ್ಲೇ, ಮೊದಲು ಇದ್ದ ಮಗ್ಗುಲಲ್ಲೇ ಇಟ್ಟರು. ಒಂದು ಚೂರು ಯಾವ ಪದರದಲ್ಲಿ, ಯಾವುದರ ಪಕ್ಕ ಬಿದ್ದಿತ್ತು ಅನ್ನೋದೇ ಅರ್ಧ ಮಾಹಿತಿ, ಜೇಬಿಗೆ ಹೋದರೆ ಬರೀ ಕಲ್ಲು ಅಂತ ಆಮೇಲೆ ಗಾಡಿಯಲ್ಲಿ ಹೇಳಿದರು.

ಜೈಸಲ್ಮೇರ್ ಸುತ್ತಲಿನ ನೆಲವೇ ಹಾಗೆ. ಜೇಠ್ವಾಯಿ ಅನ್ನುವ ಹಳ್ಳಿಯ ಕಡೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು 2018ರಲ್ಲಿ ಮೂಳೆ ಹುಡುಕಲು ಶುರುಮಾಡಿದರು. ಐಐಟಿ ರೂರ್ಕಿಯವರ ಜೊತೆ ಸೇರಿ ಅಭ್ಯಾಸ ಮಾಡಿ 2023ರಲ್ಲಿ ಅದು ಹೊಸ ಡೈನೋಸಾರ್ ಅಂತ ಪ್ರಕಟಿಸಿದರು. ಹೆಸರು ಥಾರೋಸಾರಸ್ ಇಂಡಿಕಸ್. ಸೊಪ್ಪು ತಿನ್ನುವ, ಉದ್ದ ಕತ್ತಿನ ಜಾತಿ, 16.7 ಕೋಟಿ ವರ್ಷ ಹಳೆಯದು, ಆ ಕುಟುಂಬದಲ್ಲಿ ಅದುವರೆಗೆ ಸಿಕ್ಕಿದ್ದರಲ್ಲಿ ಎಲ್ಲಕ್ಕಿಂತ ಹಳೆಯದು. ಹೆಸರಿನಲ್ಲೇ ಥಾರ್ ಇದೆ ಅಂತ ಭಾಯ್‌ಸಾ ಎರಡು ಸಲ ಹೇಳಿದರು, ಮನೆ ಮಗನಿಗೆ ರ‍್ಯಾಂಕ್ ಬಂದಷ್ಟು ಹೆಮ್ಮೆ ಮುಖದಲ್ಲಿ. ಇದೇ ಜಿಲ್ಲೆಯಲ್ಲಿ ಆ ಕಾಲದ ಶಾರ್ಕ್‌ನ ಹಲ್ಲುಗಳೂ ಸಿಕ್ಕಿವೆ, 2021ರಲ್ಲಿ ಅದಕ್ಕೆ ಸ್ಟ್ರೋಫೋಡಸ್ ಜೈಸಲ್ಮೇರೆನ್ಸಿಸ್ ಅಂತ ಹೆಸರಿಟ್ಟರು. ಥೈಯಾತ್ ಹತ್ತಿರ ಡೈನೋಸಾರ್ ಹೆಜ್ಜೆ ಗುರುತು ಸಿಕ್ಕಿದೆ. ಅದನ್ನು ತೋರಿಸಿ ಅಂದೆವು. ಆ ಜಾಗಕ್ಕೆ ಟೂರಿಸ್ಟ್‌ಗಳನ್ನು ಕರೆದೊಯ್ಯಲ್ಲ ಅಂದುಬಿಟ್ಟರು. ಮೊದಲು ಸ್ವಲ್ಪ ಬೇಜಾರಾಯಿತು. ಆದರೆ ಆಕಲ್‌ನಲ್ಲಿ ಆ ಚೂರು ಕೈಗೆತ್ತಿಕೊಂಡಿದ್ದು ನಾನೇ ಅಲ್ವಾ.

ಹಾಬೂರ್ ಕಲ್ಲಿನ ಬಗ್ಗೆ ಒಂದು ಮಾತು, ಯಾಕೆಂದರೆ ಜೈಸಲ್ಮೇರ್ ಕೋಟೆ ಸುತ್ತ ಅಂಗಡಿಗಳಲ್ಲಿ ಇದರ ಬಟ್ಟಲು, ಲೋಟ ಎಲ್ಲ ಕಡೆ ಮಾರುತ್ತಾರೆ. ಕೆಂಪು, ಹಳದಿ ಮಿಶ್ರ ಕಲ್ಲು, ಒಳಗೆಲ್ಲ ಚಿಪ್ಪಿನ ತುಂಡುಗಳು. ಅದು ಹಳೇ ಸಮುದ್ರದ ತಳ, ಅಮೊನೈಟ್ ಅನ್ನುವ ಸುರುಳಿ ಚಿಪ್ಪಿನ ಸಮುದ್ರಜೀವಿಯ ಪಳೆಯುಳಿಕೆ ಸಿಗುವ ಪದರ, 11-12 ಕೋಟಿ ವರ್ಷದ್ದು. ಹೆಪ್ಪು ಹಾಕದೆ ಇದರಲ್ಲಿ ಮೊಸರಾಗುತ್ತೆ ಅಂತ ಆ ಕಡೆ ಜನ ಹಿಂದಿನಿಂದ ಹೇಳುತ್ತಾ ಬಂದಿದ್ದಾರೆ. ನಾವು ಹೋದ ಅಂಗಡಿಯವನು ಅಷ್ಟಕ್ಕೇ ನಿಲ್ಲಲಿಲ್ಲ. ಇದರಲ್ಲಿ ನೀರು ಕುಡಿದರೆ ಬಿಪಿ ಇಳಿಯುತ್ತೆ, ಶುಗರ್ ಹೋಗುತ್ತೆ ಅಂದ, ಅದಕ್ಕೇ ರೇಟೂ ಜಾಸ್ತಿ ಅಂದ. ಚಿಪ್ಪಿನ ಗುರುತು ಚೆನ್ನಾಗಿ ಕಾಣುವ ಒಂದು ಚಿಕ್ಕ ಬಟ್ಟಲು ತಗೊಂಡೆವು. ನೋಡಲು ಚೆಂದ, ಕೈಗೆ ತಂಪು, ಅದಕ್ಕಾಗಿ ತಗೊಳ್ಳಿ. ಶುಗರ್ ಮಾತ್ರೆ ಮಾತ್ರ ಬಿಡಬೇಡಿ.

ಎರಡನೇ, ಮೂರನೇ ದಿನ ಡೆಸರ್ಟ್ ನ್ಯಾಷನಲ್ ಪಾರ್ಕ್ ಕಡೆ. 3,162 ಚದರ ಕಿಲೋಮೀಟರ್. ಪಾರ್ಕ್ ಅಂದರೆ ಗೇಟು, ಕಾಡು ಅಂತ ಅಂದುಕೊಳ್ಳಬೇಡಿ. ಅದರೊಳಗೆ ಊರುಗಳಿವೆ, ಕುರಿ ಮೇಯುತ್ತವೆ, ಸೇವಣ ಹುಲ್ಲು ಮೊಣಕಾಲಿನವರೆಗೆ ಗಾಳಿಗೆ ತೂಗುತ್ತಿರುತ್ತೆ. ನರಿ ಕಂಡಿತು, ಚಿಂಕಾರ ಕಂಡವು, ಮುಳ್ಳುಬಾಲದ ಸಾಂಡಾ ಹಲ್ಲಿಯ ಬಿಲಗಳು ಸಾಲಾಗಿದ್ದವು, ಹಲ್ಲಿ ಮಾತ್ರ ಚಳಿಗೆ ಹೊರಗೆ ಬರಲಿಲ್ಲ.

ಗೋಡಾವಣ ಅಂದರೆ ನಮ್ಮ ಎರೆಭೂತ, ಇಂಗ್ಲಿಷಿನಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್. ಬಳ್ಳಾರಿ ಕಡೆ ಸಿರುಗುಪ್ಪದಲ್ಲೂ ಕಂಡುಬಂದಿರುವ ಹಕ್ಕಿ. ಈಗ ಇಡೀ ಜಗತ್ತಿನಲ್ಲಿ ಹತ್ತಿರ ಹತ್ತಿರ ನೂರೈವತ್ತು ಉಳಿದಿರಬಹುದು, ಅದರಲ್ಲಿ ಬಹುಪಾಲು ಇಲ್ಲೇ. ಎರಡು ದಿನ ಕಾದೆವು. ಎರಡನೇ ದಿನ ಬೆಳಿಗ್ಗೆ ತುಂಬಾ ದೂರದಲ್ಲಿ, ಹುಲ್ಲಿನ ಮೇಲೆ ಒಂದು ಬಿಳಿ ಕತ್ತು ಕಂಬದ ಹಾಗೆ ನಿಂತಿತ್ತು. ತಲೆಯ ಮೇಲೆ ಕಪ್ಪು ಟೋಪಿ. ಒಂದು ಹೆಜ್ಜೆ ಇಟ್ಟು ನಿಲ್ಲುತ್ತೆ, ಕತ್ತು ಬಗ್ಗಿಸುತ್ತೆ, ಮತ್ತೆ ಎತ್ತುತ್ತೆ. ಇಪ್ಪತ್ತು ನಿಮಿಷ ಬೈನಾಕ್ಯುಲರ್‌ನಲ್ಲೇ ನೋಡಿದೆವು. ಹತ್ತಿರ ಹೋಗೋಣ ಅಂತ ನಾನು ಕೇಳಲಿಲ್ಲ, ಕೇಳಿದ್ದರೂ ಅವರು ಒಪ್ಪುತ್ತಿರಲಿಲ್ಲ.

ಈ ಹಕ್ಕಿ ಸಾಯುತ್ತಿರುವುದು ಹೇಗೆ ಅನ್ನೋದನ್ನು ಅವರು ಕರೆಂಟ್ ತಂತಿಯ ಕೆಳಗೆ ನಿಲ್ಲಿಸಿ ಹೇಳಿದರು. ಗಂಡು 15 ಕೆ.ಜಿ.ವರೆಗೂ ತೂಗುತ್ತೆ. ಹಾರುವಾಗ ತಟ್ಟನೆ ತಿರುಗಲು ಆಗುವುದಿಲ್ಲ. ಕಣ್ಣು ತಲೆಯ ಪಕ್ಕದಲ್ಲಿವೆ, ಎದುರು ಇರುವುದು ಅದಕ್ಕೆ ಸರಿಯಾಗಿ ಕಾಣುವುದಿಲ್ಲ. ಗಾಳಿಯಂತ್ರ, ಸೋಲಾರ್ ಬಂದಮೇಲೆ ತಂತಿಗಳ ಬಲೆ ಹೆಣೆದಂತಾಗಿದೆ. ಭಾರತೀಯ ವನ್ಯಜೀವಿ ಸಂಸ್ಥೆಯವರು ಈ ಸುತ್ತಿನ 4,200 ಚದರ ಕಿಲೋಮೀಟರ್‌ನಲ್ಲಿ ತಂತಿಯ ಕೆಳಗೆ ನಡೆದು ಸತ್ತ ಹಕ್ಕಿಗಳನ್ನು ಎಣಿಸಿ ಲೆಕ್ಕ ಹಾಕಿದ್ದು, ವರ್ಷಕ್ಕೆ ಸುಮಾರು 84,000 ಹಕ್ಕಿ, ಎಲ್ಲ ಜಾತಿ ಸೇರಿ. ಆ ಥರದ ಸರ್ವೆಗಳಿಗೆ ಗಾಡಿ ಓಡಿಸಿದವರಲ್ಲಿ ಭಾಯ್‌ಸಾ ಒಬ್ಬರು. ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುವ ಹಕ್ಕಿಗೆ ತಂತಿಯಲ್ಲಿ ಒಂದೆರಡು ಹೋದರೂ ತುಂಬಿಕೊಳ್ಳುವುದು ಕಷ್ಟ. 2021ರಲ್ಲಿ ಸುಪ್ರೀಂ ಕೋರ್ಟ್ ತಂತಿಗಳನ್ನು ನೆಲದಡಿ ಹಾಕಿ ಅಂತ ಹೇಳಿತು, 2024ರಲ್ಲಿ ಆ ಆದೇಶ ಸಡಿಲಿಸಿ ತಜ್ಞರ ಸಮಿತಿ ಮಾಡಿತು. ಇನ್ನೊಂದು ಕಡೆ ಸಮ್ ಮತ್ತು ರಾಮದೇವ್ರಾದಲ್ಲಿ ಮೊಟ್ಟೆ ತಂದು ಮರಿ ಮಾಡುವ ಕೇಂದ್ರಗಳಿವೆ. 2024ರ ಅಕ್ಟೋಬರ್‌ನಲ್ಲಿ ಕೃತಕ ಗರ್ಭಧಾರಣೆಯಿಂದ ಮೊದಲ ಮರಿ ಹುಟ್ಟಿತು. ಆ ಸುದ್ದಿ ಬಂದ ದಿನ ಭಾಯ್‌ಸಾ ಊರಲ್ಲಿ ಬೆಲ್ಲ ಹಂಚಿದರಂತೆ.

ಆ ನೋಟ್‌ಬುಕ್ ವಿಷಯಕ್ಕೆ ಬರುತ್ತೇನೆ. ತಂತಿಯ ಕೆಳಗೆ ಗಾಡಿ ಹೋಗುವಾಗೆಲ್ಲ ಅವರು ನಿಧಾನ ಮಾಡುತ್ತಿದ್ದರು. ಮೂರನೇ ದಿನ ಒಂದು ಕಡೆ ನಿಲ್ಲಿಸಿ ಇಳಿದರು. ಒಣ ಹುಲ್ಲಿನಲ್ಲಿ ಒಂದಷ್ಟು ಗರಿ, ಒಂದು ರೆಕ್ಕೆ, ಎದೆ ಮೂಳೆ. ಪಾರಿವಾಳದ್ದು. ಕಡ್ಡಿಯಲ್ಲಿ ಮೆಲ್ಲಗೆ ಮಗುಚಿ ನೋಡಿದರು, ಫೋನ್‌ನಲ್ಲಿ ಜಾಗದ ನಂಬರ್ ತೆಗೆದುಕೊಂಡು, ತಾರೀಖು, ಕಂಬದ ನಂಬರ್, ಹಕ್ಕಿಯ ಹೆಸರು ಬರೆದರು. ಪುಟ ತಿರುಗಿಸಿ ತೋರಿಸಿದರು. ಹಿಂದಿಯಲ್ಲಿ, ದುಂಡಗಿನ ಅಕ್ಷರದಲ್ಲಿ, ಪುಟದ ಮೇಲೆ ಪುಟ. ಸರ್ವೆ ಮುಗಿದು ವರ್ಷಗಳಾಗಿವೆ, ಯಾರೂ ದುಡ್ಡು ಕೊಡುವುದಿಲ್ಲ, ಆದರೂ ಬರೆಯುತ್ತಾರೆ. ಪುಟ್ಟಿ ಅವತ್ತು ರಾತ್ರಿ ತುಂಬಾ ಹೊತ್ತು ಆ ನೋಟ್‌ಬುಕ್ ಬಗ್ಗೆಯೇ ಮಾತಾಡಿದಳು.

ರಾತ್ರಿ ಉಳಿದದ್ದು ಅವರ ನೆಂಟರ ಮನೆಯ ಅಂಗಳದ ಗುಡಿಸಿಲಲ್ಲಿ. ಬಾಜ್ರಾ ರೊಟ್ಟಿ, ಕೇರ್ ಸಾಂಗ್ರಿ, ಮಜ್ಜಿಗೆ. ಊಟಕ್ಕೆ ಹೆಸರಿಡುವ ಹಾಗಿಲ್ಲ. ಮಲಗುವ ಮೊದಲು ಅವರು ಟಾರ್ಚ್ ಹಾಕಿ ಮಂಚದ ಕೆಳಗೆ, ಶೂ ಒಳಗೆ ನೋಡುತ್ತಿದ್ದರು, ಚಳಿಗಾಲದಲ್ಲೂ ಆ ಅಭ್ಯಾಸ ಬಿಡಲ್ಲ. ನೆಲದಲ್ಲಿ ಮಲಗಲು ಬಿಡಲಿಲ್ಲ. ಪೀವಣಾ ಅನ್ನುವ ಹಾವು ಮಲಗಿದವರ ಉಸಿರು ಕುಡಿದು ಹೋಗುತ್ತೆ ಅಂತ ಅಲ್ಲಿಯ ಜನರ ನಂಬಿಕೆ. ಅದು ಸಿಂಧ್ ಕ್ರೈಟ್, ನಮ್ಮ ಕಟ್ಟುಹಾವಿನ ಜಾತಿ. ರಾತ್ರಿ ನಿದ್ದೆಯಲ್ಲಿರುವವರಿಗೆ ಕಚ್ಚುತ್ತೆ, ನೋವು ಜಾಸ್ತಿ ಇರಲ್ಲ, ಗುರುತೂ ಸರಿಯಾಗಿ ಕಾಣಲ್ಲ, ವಿಷ ನರಕ್ಕೆ ಏರಿ ಉಸಿರು ನಿಲ್ಲುತ್ತೆ. ಉಸಿರು ಕುಡಿಯಿತು ಅಂತ ಜನ ಅಂದುಕೊಂಡದ್ದರಲ್ಲಿ ಆಶ್ಚರ್ಯ ಇಲ್ಲ.

ಇಲ್ಲಿ ಪುಟ್ಟಿ ಒಂದು ವಿಷಯ ಸೇರಿಸಿದಳು, ನನಗೆ ಗೊತ್ತಿರಲಿಲ್ಲ. ನಮ್ಮ ದೇಶದ ಹಾವಿನ ವಿಷದ ಮದ್ದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷದಿಂದ ಮಾಡುವುದು, ಆ ವಿಷ ಹೆಚ್ಚಾಗಿ ತಮಿಳುನಾಡಿನ ಹಾವುಗಳದ್ದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುನಗರ್ ಅವರ ತಂಡ 2019ರಲ್ಲಿ ಪರೀಕ್ಷೆ ಮಾಡಿದಾಗ, ಪಟ್ಟಿಯಲ್ಲಿಲ್ಲದ ಹಲವು ಹಾವುಗಳ ವಿಷಕ್ಕೆ ಆ ಮದ್ದು ಸಾಕಷ್ಟು ಕೆಲಸ ಮಾಡುವುದಿಲ್ಲ ಅಂತ ಗೊತ್ತಾಯಿತು. ರಾಜಸ್ಥಾನದ ಹಾವುಗಳೂ ಅದರಲ್ಲಿವೆ. ಇದನ್ನು ಹಿಂದಿಯಲ್ಲಿ ಹೇಳಿದಾಗ ಭಾಯ್‌ಸಾ ತಲೆಯಾಡಿಸಿದರು. ಅವರ ಚಿಕ್ಕಪ್ಪ ಹಾಗೇ ಹೋದರಂತೆ, ಬಾಟಲಿ ಮೇಲೆ ಬಾಟಲಿ ಮದ್ದು ಹಾಕಿದರೂ ಉಳಿಯಲಿಲ್ಲ.

ನಾಲ್ಕನೇ ದಿನ ಫಲೋದಿ ಹತ್ತಿರದ ಖೀಚನ್. ಇದಕ್ಕೆ ನಾನು ಜಾಸ್ತಿ ಬರೆಯುವುದಿಲ್ಲ, ಫೋಟೋ ಎಲ್ಲ ಕಡೆ ಸಿಗುತ್ತೆ. ಮಂಗೋಲಿಯಾ, ಮಧ್ಯ ಏಷ್ಯಾದ ಕಡೆಯಿಂದ ಬರುವ ಕುರ್ಜಾ ಅನ್ನುವ ಸಣ್ಣ ಕೊಕ್ಕರೆಗಳು, ಸಾವಿರಾರು. 1970ರ ದಶಕದಲ್ಲಿ ರತನ್‌ಲಾಲ್ ಮಾಲೂ ಅನ್ನುವವರು ಕಾಳು ಹಾಕಲು ಶುರುಮಾಡಿದ್ದು ಈಗ ಇಡೀ ಊರಿನ ಕೆಲಸ. 2025ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಬೆಳಿಗ್ಗೆ ಹೋಗಿ, ಮಹಡಿ ಮೇಲೆ ಸುಮ್ಮನೆ ಕೂರಿ, ಅಷ್ಟು ಸಾಕು.

ನಮ್ಮ ಗೈಡ್ ಬೇರೆಯವರಿಗಿಂತ ಬೇರೆ ಆದದ್ದು ಆಮೇಲೆ. ಕೆರೆ ದಂಡೆಗೆ ಹೋಗುವ ಮೊದಲು ಗಾಡಿಯಿಂದ ಮಾಸ್ಕ್ ತೆಗೆದು ಕೊಟ್ಟರು, ಸತ್ತ ಹಕ್ಕಿ ಕಂಡರೆ ಮುಟ್ಟಬೇಡಿ ಅಂದರು. 2021ರ ನವೆಂಬರ್‌ನಲ್ಲಿ ಜೋಧ್‌ಪುರದ ಹತ್ತಿರದ ಕಾಪರಡಾದಲ್ಲಿ ನೂರಾರು ಕುರ್ಜಾ ಹಕ್ಕಿಜ್ವರಕ್ಕೆ ಸತ್ತವು. 2025ರ ಜನವರಿಯಲ್ಲಿ ಜೈಸಲ್ಮೇರ್ ಜಿಲ್ಲೆಯ ಕೆರೆಗಳ ಹತ್ತಿರ ಮತ್ತೆ ಸತ್ತಾಗ ಭೋಪಾಲ್ ಲ್ಯಾಬಿನಿಂದ ಹಕ್ಕಿಜ್ವರದ ಎಚ್5ಎನ್1 ವೈರಸ್ ಅಂತಲೇ ಉತ್ತರ ಬಂತು. ಗೋಡಾವಣ ಇರುವ ಜಿಲ್ಲೆ ಅದು. ಆ ರೋಗ ಮರಿ ಮಾಡುವ ಕೇಂದ್ರದೊಳಗೆ ಹೋದರೆ ಏನಾಗಬಹುದು ಅಂತ ಯೋಚಿಸಿದರೇ ಹೊಟ್ಟೆ ತೊಳಸುತ್ತೆ.

ಹಕ್ಕಿ ಸತ್ತರೆಲ್ಲ ಹಕ್ಕಿಜ್ವರ ಅಲ್ಲ ಮಾಮಾ ಅಂತ ಪುಟ್ಟಿ ಅಲ್ಲೇ ದಂಡೆಯಲ್ಲಿ ನನಗೆ ಪಾಠ ಮಾಡಿದಳು. 2019ರ ನವೆಂಬರ್‌ನಲ್ಲಿ ಸಾಂಭರ್ ಸರೋವರದಲ್ಲಿ 18,000ಕ್ಕೂ ಹೆಚ್ಚು ಹಕ್ಕಿ ಸತ್ತದ್ದು ಬಾಟ್ಯುಲಿಸಂನಿಂದ. ಅದು ವೈರಸ್ ಅಲ್ಲ, ಬ್ಯಾಕ್ಟೀರಿಯಾದ ವಿಷ. ರೆಕ್ಕೆ, ಕಾಲು ಸೋಲುತ್ತೆ, ಕೊನೆಗೆ ಕತ್ತು ಎತ್ತಲು ಆಗಲ್ಲ, ನೀರಿನ ಅಂಚಿನಲ್ಲೇ ತಲೆ ಮುಳುಗಿ ಸಾಯುತ್ತೆ. ಸತ್ತ ಹಕ್ಕಿಯಲ್ಲಿ ಹುಳ ಆಗುತ್ತೆ, ಆ ಹುಳದಲ್ಲಿ ವಿಷ ಸೇರುತ್ತೆ, ಬದುಕಿದ ಹಕ್ಕಿ ಹುಳ ತಿನ್ನುತ್ತೆ, ಅದೂ ಸಾಯುತ್ತೆ. ಹಾಗಾಗಿ ಅಲ್ಲಿ ಮೊದಲ ಚಿಕಿತ್ಸೆ ಅಂದರೆ ಸತ್ತ ಹಕ್ಕಿಗಳನ್ನು ಬೇಗ ಎತ್ತಿ ಹೂಳುವುದು. ಭಾಯ್‌ಸಾ ಇದನ್ನೆಲ್ಲ ಗಮನ ಕೊಟ್ಟು ಕೇಳಿ, ನೋಟ್‌ಬುಕ್‌ನ ಕೊನೆಯ ಪುಟದಲ್ಲಿ ಬರೆದುಕೊಂಡರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುವ ಗೈಡ್ ಸಿಗುವುದು ಅಪರೂಪ.

ಅಲ್ಲಿಂದ ಹೊರಟು ಒಂದು ಹಳ್ಳಿಯ ಹಳೇ ಬಾವಿ ಹತ್ತಿರ ನಿಲ್ಲಿಸಿದರು. ಮೆಟ್ಟಿಲಿಳಿದು ನೀರು ತುಂಬುವ ಬಾವ್ಡಿ, ಈಗ ಬಳಕೆಯಲ್ಲಿಲ್ಲ. ಅಲ್ಲಿ ಕೂತಿದ್ದ ಒಬ್ಬ ಅಜ್ಜ ಧೋತಿ ಎತ್ತಿ ಕಾಲು ತೋರಿಸಿದರು. ಹಿಮ್ಮಡಿಯ ಮೇಲೆ ಒಂದು ರೂಪಾಯಿ ಅಗಲದ, ಸುಕ್ಕುಗಟ್ಟಿದ ಕಲೆ. ನಾರು ಹುಣ್ಣು. ನಮ್ಮ ಉತ್ತರ ಕರ್ನಾಟಕದ ಹಿರಿಯರಿಗೆ ಇದರ ಹೆಸರು ಚೆನ್ನಾಗಿ ಗೊತ್ತು. ಹುಣ್ಣಿನಿಂದ ದಾರದಂಥ ಹುಳ ಹೊರಗೆ ಬರುತ್ತೆ, ಎಳೆದರೆ ತುಂಡಾಗುತ್ತೆ. ಕಡ್ಡಿಗೆ ಸುತ್ತಿ ದಿನಕ್ಕೆ ಒಂದೆರಡು ಸುತ್ತು ಎಳೆಯಬೇಕು. ಅಜ್ಜ ಬೆರಳಿನಿಂದ ಗಾಳಿಯಲ್ಲಿ ಕಡ್ಡಿ ಸುತ್ತಿ ತೋರಿಸಿದರು, ತುಂಬಾ ನಿಧಾನವಾಗಿ. ಇಪ್ಪತ್ತು ದಿನ ಹಾಗೆ ಸುತ್ತಿದರಂತೆ.

ಉರಿ ತಾಳದೆ ಕಾಲನ್ನು ನೀರಿಗೆ ಇಟ್ಟರೆ ಹುಳ ಮರಿ ಬಿಡುತ್ತೆ, ನೀರಿನ ಸಣ್ಣ ಜೀವಿ ಅದನ್ನು ನುಂಗುತ್ತೆ, ಆ ನೀರನ್ನು ಊರೆಲ್ಲ ಕುಡಿಯುತ್ತೆ. ಇದಕ್ಕೆ ಲಸಿಕೆ ಇಲ್ಲ, ಮಾತ್ರೆ ಇಲ್ಲ. ಬಟ್ಟೆಯಲ್ಲಿ ಸೋಸಿದರು, ಮೆಟ್ಟಿಲು ಬಾವಿಗಳನ್ನು ಬದಲಾಯಿಸಿದರು, ಕೈಪಂಪು ಹಾಕಿದರು, ಮನೆ ಮನೆಗೆ ಹೋಗಿ ರೋಗಿಗಳನ್ನು ಹುಡುಕಿದರು. ದೇಶದ ಕೊನೆಯ ರೋಗಿ ಸಿಕ್ಕಿದ್ದು 1996ರ ಜುಲೈನಲ್ಲಿ, ಜೋಧ್‌ಪುರ ಜಿಲ್ಲೆಯಲ್ಲಿ. 2000ದಲ್ಲಿ ಭಾರತ ಮುಕ್ತ ಅಂತ ಘೋಷಣೆ ಆಯಿತು. ಇದಕ್ಕೆ ಒಂದು ಸ್ಮಾರಕ ಇರಬೇಕಿತ್ತು ಅಂತ ನನಗೆ ಬಲವಾಗಿ ಅನಿಸುತ್ತೆ, ಯಾವ ಕೋಟೆಗೂ ಕಡಿಮೆ ಇಲ್ಲದ ಕೆಲಸ ಇದು. ಮರುಭೂಮಿಗೆ ನೀರು ಬಂದರೆ ರೋಗ ಹೋಗುತ್ತೆ ಅಂತ ಮಾತ್ರ ಅಂದುಕೊಳ್ಳುವ ಹಾಗಿಲ್ಲ ಅನ್ನೋದನ್ನೂ ಭಾಯ್‌ಸಾ ಹೇಳಿದರು. ಇಂದಿರಾ ಗಾಂಧಿ ಕಾಲುವೆ ಬಂತು, ಜೌಗು ಆಯಿತು, 1994ರಲ್ಲಿ ಇಲ್ಲಿ ದೊಡ್ಡ ಮಲೇರಿಯಾ ಬಂತು. ಮನೆ ಮನೆಯ ನೆಲದಡಿ ಇರುವ ನೀರಿನ ಟಾಂಕಾ ಕೂಡ ಸೊಳ್ಳೆಗೆ ಒಳ್ಳೆಯ ಮನೆ. ಅವರ ಟಾಂಕಾದ ಮುಚ್ಚಳಕ್ಕೆ ಬಟ್ಟೆ ಸುತ್ತಿ ಬಿಗಿಯಾಗಿ ಕೂರಿಸಿರುತ್ತಾರೆ, ನಾನು ನೋಡಿದ್ದೇನೆ.

ಐದು, ಆರನೇ ದಿನ ಬಿಕಾನೇರ್. ರಾಷ್ಟ್ರೀಯ ಒಂಟೆ ಸಂಶೋಧನಾ ಕೇಂದ್ರ ಇರುವುದು ಜೋಡ್‌ಬೀಡ್‌ನಲ್ಲಿ, 1984ರಿಂದ ನಡೆಯುತ್ತಿದೆ. ಮ್ಯೂಸಿಯಂ ಇದೆ, ಒಂಟೆ ಹಾಲಿನ ಕುಲ್ಫಿ ಸಿಗುತ್ತೆ, ಸ್ವಲ್ಪ ಉಪ್ಪು ರುಚಿ, ನನಗೆ ಇಷ್ಟವಾಯಿತು. ಪುಟ್ಟಿಗೆ ಅಲ್ಲಿ ಹಬ್ಬ. ಒಂಟೆಗೆ ಸುರ್ರಾ ಅಂತ ಒಂದು ರೋಗ ಬರುತ್ತೆ, ನೊಣದಿಂದ ಹರಡುವ ರಕ್ತದ ಪರೋಪಜೀವಿ. ಒಂಟೆ ಸಾಕುವ ರಾಯಿಕಾ ಜನ ಅದನ್ನು ತಿಬರ್ಸಾ ಅನ್ನುತ್ತಾರೆ, ಮೂರು ವರ್ಷದ ಕಾಯಿಲೆ. ಅಷ್ಟು ದಿನ ಸೊರಗಿ ಸೊರಗಿ ಸಾಯುತ್ತೆ ಅನ್ನೋದು ಹೆಸರಲ್ಲೇ ಇದೆ. ಹಾವಿನ ವಿಷಕ್ಕೆ ಒಂಟೆಯ ರಕ್ತದಿಂದ ಮದ್ದು ಮಾಡುವ ಪ್ರಯತ್ನವೂ ಬಿಕಾನೇರ್‌ನಲ್ಲಿ ನಡೆಯುತ್ತಿದೆ. ಒಂಟೆಯ ಪ್ರತಿಕಾಯಗಳಲ್ಲಿ ಒಂದು ಬಗೆ ತುಂಬಾ ಚಿಕ್ಕದು, ಬಿಸಿಲಿಗೆ ಬೇಗ ಕೆಡುವುದಿಲ್ಲ. ಫ್ರಿಜ್ ಇಲ್ಲದ ಊರಿಗೆ ಅಂಥದ್ದೇ ಬೇಕು. ಭಾಯ್‌ಸಾ ಅದನ್ನು ಕೇಳಿ ಎಷ್ಟು ವರ್ಷ ಆಗಬಹುದು ಅಂತ ಪುಟ್ಟಿಯನ್ನು ಕೇಳಿದರು. ಅವಳು ಸುಳ್ಳು ಭರವಸೆ ಕೊಡಲಿಲ್ಲ.

ಜೋಡ್‌ಬೀಡ್‌ನಲ್ಲೇ ಸತ್ತ ದನ, ಒಂಟೆ ತಂದು ಹಾಕುವ ಬಯಲಿದೆ. ವಾಸನೆಗೆ ರೆಡಿಯಾಗಿ ಹೋಗಿ, ಊಟಕ್ಕೆ ಮೊದಲು ಹೋಗಿ. ಸ್ಟೆಪಿ ಹದ್ದುಗಳು ನೆಲದ ಮೇಲೆ ಕೋಳಿಗಳ ಹಾಗೆ ಸಾಲಾಗಿ ಕೂತಿರುತ್ತವೆ, ನೂರಾರು. ಬಿಳಿ ರಣಹದ್ದು, ಗ್ರಿಫನ್, ಕಪ್ಪನೆಯ ದೈತ್ಯ ಸಿನೆರಿಯಸ್ ರಣಹದ್ದು. ಪುಟ್ಟಿ ಬೈನಾಕ್ಯುಲರ್ ಬಿಡಲೇ ಇಲ್ಲ. ದನಕ್ಕೆ ನೋವಿಗೆ ಕೊಡುತ್ತಿದ್ದ ಡೈಕ್ಲೋಫಿನಾಕ್ ಔಷಧ ಆ ದನದ ಹೆಣ ತಿಂದ ರಣಹದ್ದಿನ ಮೂತ್ರಪಿಂಡ ಕೆಡಿಸುತ್ತೆ ಅಂತ 2004ರಲ್ಲಿ ಗೊತ್ತಾಯಿತು, 2006ರಲ್ಲಿ ಪ್ರಾಣಿಗಳಿಗೆ ಅದು ನಿಷೇಧ ಆಯಿತು. ಅಷ್ಟರಲ್ಲಿ ದೇಶದ ರಣಹದ್ದುಗಳಲ್ಲಿ ಕೆಲವು ಜಾತಿ ನೂರಕ್ಕೆ ತೊಂಬತ್ತೈದಕ್ಕಿಂತ ಜಾಸ್ತಿ ಹೋಗಿದ್ದವು. ಅದರ ಬದಲು ಮೆಲಾಕ್ಸಿಕಾಮ್ ಬರೆದರೆ ಸಾಕು ಮಾಮಾ, ಅದು ಸುರಕ್ಷಿತ ಅಂದಳು. ಮುಂದಿನ ವರ್ಷದಿಂದ ಚೀಟಿ ಬರೆಯುವವಳು ಅವಳೇ. 2022ರಲ್ಲಿ ಚರ್ಮಗಂಟು ರೋಗ ಬಂದಾಗ ಈ ಸೀಮೆಯಲ್ಲಿ ಸತ್ತ ದನಗಳ ಲೆಕ್ಕ ಇಟ್ಟವರಿಲ್ಲ ಅಂತ ಹೇಳುವಾಗ ಭಾಯ್‌ಸಾ ದನಿ ಸಣ್ಣಗಾಯಿತು. ಅವರದ್ದೇ ನಾಲ್ಕು ಹೋದವಂತೆ.

ಕೊರತೆ ಹೇಳಬೇಕೆಂದರೆ, ಗಾಡಿ ಹಳೆಯದು, ಹಿಂದಿನ ಸೀಟಿನಲ್ಲಿ ಬೆನ್ನು ನೋಯುತ್ತೆ. ಬೆಳಿಗ್ಗೆ ಐದೂವರೆಗೆ ಹೊರಡಲೇಬೇಕು, ಚಳಿಗೆ ಕೈ ಮರಗಟ್ಟುತ್ತೆ. ಹಿಂದಿ ಬರದಿದ್ದರೆ ಕಷ್ಟ. ಕಾರ್ಡ್, ಬಿಲ್ ಏನೂ ಇಲ್ಲ. ಚಿಕ್ಕ ಮಕ್ಕಳನ್ನು ಕರೆದುಕೊಂಡು ಹೋದರೆ ತಂತಿ, ಹೆಣ, ಹುಣ್ಣು ಇದೆಲ್ಲ ಅವರಿಗೆ ಜಾಸ್ತಿ ಆಗಬಹುದು. ಇಷ್ಟಾದರೂ ಐದಕ್ಕೆ ಐದು ಕೊಡುತ್ತೇನೆ. ಗೈಡ್ ಹುಡುಕುವಾಗ, ಗೋಡಾವಣ ಗ್ಯಾರಂಟಿ ತೋರಿಸ್ತೀರಾ ಅಂತ ಕೇಳಿ. ತೋರಿಸ್ತೀನಿ ಅಂದವರನ್ನು ಬಿಡಿ.

ಬಿಕಾನೇರ್ ಸ್ಟೇಷನ್‌ನಲ್ಲಿ ಇಳಿಸುವಾಗ ನಾನು ಮುಂದಿನ ಸಲ ಮಳೆಗಾಲದಲ್ಲಿ ಬರುತ್ತೇವೆ, ಹಸಿರು ನೋಡಬೇಕು ಅಂದೆ. ಬೇಡ ಹುಕುಮ್, ಆಗ ಗೋಡಾವಣ ಮೊಟ್ಟೆ ಇಡುವ ಕಾಲ, ಆಗ ನಾನು ಯಾರನ್ನೂ ಕರೆದುಕೊಂಡು ಹೋಗಲ್ಲ ಅಂದರು. ನವೆಂಬರ್ ಅಂತ ಹೇಳಿ ಮುಂಗಡ ಕೊಡಲು ಹೋದೆ, ತೆಗೆದುಕೊಳ್ಳಲಿಲ್ಲ. ಪುಟ್ಟಿ ಬ್ಯಾಗಿನಿಂದ ಹೊಸ ನೋಟ್‌ಬುಕ್ ಒಂದನ್ನು ತೆಗೆದು ಕೊಟ್ಟಳು. ಅದನ್ನು ತೆಗೆದುಕೊಂಡು, ಹಳೆಯದರ ರಬ್ಬರ್ ಬ್ಯಾಂಡ್‌ನಲ್ಲೇ ಎರಡನ್ನೂ ಸೇರಿಸಿ ಕಟ್ಟಿ ಡ್ಯಾಶ್‌ಬೋರ್ಡ್ ಮೇಲೆ ಇಟ್ಟರು.